ಜನರೇಟರ್ ವೈಂಡಿಂಗ್‌ಗೆ ಹೈವೋಲ್ಟೇಜ್ ಪರೀಕ್ಷೆ: ಮೆಗ್ಗರ್‌ನಿಂದ ಹೈಪಾಟ್‌ವರೆಗೆ

ಕಬ್ಬು ನುರಿಸುವುದು ನಿಂತು ಬಾಯ್ಲರ್ ತಣ್ಣಗಾದ ಮೇಲೆ ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ನಮ್ಮಂಥ ಟೆಸ್ಟಿಂಗ್‌ನವರ ಕೆಲಸ ಶುರುವಾಗುತ್ತದೆ. ಹಂಗಾಮಿನುದ್ದಕ್ಕೂ ಹಗಲು ರಾತ್ರಿ ತಿರುಗಿದ 11 ಕೆವಿ ಜನರೇಟರ್‌ನ ಕವರ್ ಬಿಚ್ಚಿ, ಅದರ ವೈಂಡಿಂಗ್‌ನ ಇನ್ಸುಲೇಶನ್ ಮುಂದಿನ ಹಂಗಾಮನ್ನು ತಾಳುತ್ತದೆಯೇ ಎಂದು ನೋಡಬೇಕು. ಆ ಕೆಲಸವನ್ನು ಯಾವ ಕ್ರಮದಲ್ಲಿ, ಯಾವ ಎಚ್ಚರದಲ್ಲಿ ಮಾಡಬೇಕು ಎಂಬುದನ್ನು ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಡಿಪ್ಲೊಮಾ ಹುಡುಗರಿಗಾಗಿ, ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದವರಿಗಾಗಿ ಬರೆಯುತ್ತಿದ್ದೇನೆ. ಅನುಭವಸ್ಥರು ಜೊತೆಗಿಲ್ಲದೆ, ಪರ್ಮಿಟ್ ಇಲ್ಲದೆ ಇದರಲ್ಲಿ ಒಂದು ಹೆಜ್ಜೆಯನ್ನೂ ಇಡಬೇಡಿ.

ಎಲ್ಲರಿಗೂ ಹೈಪಾಟ್ ಮೇಲೇ ಕಣ್ಣು, ಅಂದರೆ ಓಡುವಾಗಿನದಕ್ಕಿಂತ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಯ ಮೇಲೆ. ಅಷ್ಟು ಕಿಲೋವೋಲ್ಟ್ ಕೊಟ್ಟೆವು, ತಡೆಯಿತು, ಪಾಸ್ ಎಂದು ಬರೆದರೆ ಮ್ಯಾನೇಜರಿಗೆ ಸಮಾಧಾನ. ಆದರೆ ಹೈಪಾಟ್‌ನಲ್ಲಿ ಸೋತ ಇನ್ಸುಲೇಶನ್ ಅಲ್ಲೇ ತೂತು ಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಅದು ಕೊನೆಯ ಪರೀಕ್ಷೆ. ಅದಕ್ಕಿಂತ ಮೊದಲಿನ ಪರೀಕ್ಷೆಗಳೆಲ್ಲ ಒಪ್ಪಿಗೆಯಾಗುವವರೆಗೆ ಹೈಪಾಟ್ ಸೆಟ್ಟನ್ನು ಗಾಡಿಯಿಂದ ಇಳಿಸುವುದೇ ಬೇಡ ಎನ್ನುವವನು ನಾನು.

ಏನನ್ನು ಪರೀಕ್ಷಿಸುತ್ತಿದ್ದೇವೆ

ಸ್ಟೇಟರ್‌ನ, ಅಂದರೆ ಜನರೇಟರ್‌ನ ತಿರುಗದ ಭಾಗದ, ಒಂದೊಂದು ಸ್ಲಾಟ್‌ನಲ್ಲೂ ತಾಮ್ರದ ಕಾಯಿಲ್ ಕೂತಿದೆ. ಅದರ ಸುತ್ತ ಅಭ್ರಕದ ಟೇಪ್ ಸುತ್ತಿ ಎಪಾಕ್ಸಿ ಕುಡಿಸಿ ಗಟ್ಟಿ ಮಾಡಿರುತ್ತಾರೆ. ನಾವು ಚಿಕ್ಕಂದಿನಲ್ಲಿ ಕಾಗೆಬಂಗಾರ ಎಂದು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆವಲ್ಲ, ಅದೇ ಅಭ್ರಕ. ಸಣ್ಣ ಕಿಡಿಗಳನ್ನು ವರ್ಷಗಟ್ಟಲೆ ತಡೆದುಕೊಳ್ಳುವ ಶಕ್ತಿ ಅದಕ್ಕಿರುವುದರಿಂದಲೇ ಇಂದಿಗೂ ದೊಡ್ಡ ಯಂತ್ರಗಳಲ್ಲಿ ಅದನ್ನು ಬಿಟ್ಟು ಬೇರೆ ದಾರಿ ಸಿಕ್ಕಿಲ್ಲ. ಸ್ಲಾಟ್ ಒಳಗಿನ ಭಾಗಕ್ಕೆ ಅರೆವಾಹಕ ಬಣ್ಣ ಬಳಿದಿರುತ್ತಾರೆ. ಸ್ಲಾಟ್‌ನಿಂದ ಕಾಯಿಲ್ ಹೊರಗೆ ಬರುವ ಕಡೆ, ವೋಲ್ಟೇಜ್ ಒತ್ತಡ ಒಂದೇ ಜಾಗದಲ್ಲಿ ಗುಂಪಾಗದಂತೆ ಹಂಚಲು ಇನ್ನೊಂದು ಬಗೆಯ ಲೇಪನವಿರುತ್ತದೆ. ಹೊರಗೆ ಚಾಚಿದ ಭಾಗವೇ ಓವರ್‌ಹ್ಯಾಂಗ್. ಧೂಳು, ಎಣ್ಣೆ, ತೇವ ಕೂರುವುದು ಇಲ್ಲೇ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ನೇಮ್‌ಪ್ಲೇಟ್‌ನಿಂದ ವೋಲ್ಟೇಜ್, ಇನ್ಸುಲೇಶನ್ ಕ್ಲಾಸ್, ತಯಾರಾದ ವರ್ಷ ಬರೆದುಕೊಳ್ಳಿ. ಹಿಂದಿನ ವರ್ಷಗಳ ರಿಪೋರ್ಟ್ ಕೇಳಿ ಪಡೆಯಿರಿ. ಹೋದ ವರ್ಷ ಮೆಗ್ಗರ್‌ನಲ್ಲಿ (ಇನ್ಸುಲೇಶನ್‌ನ ರೆಸಿಸ್ಟೆನ್ಸ್ ಅಳೆಯುವ ಮೀಟರ್) 4,000 ಮೆಗಾಓಮ್ ಇದ್ದದ್ದು ಈ ವರ್ಷ 600 ಎಂದರೆ, ಆ 600 ನಿಯಮದ ಮಿತಿಗಿಂತ ಎಷ್ಟೇ ಮೇಲಿದ್ದರೂ ನನಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ಮಾತನ್ನು ಯಂತ್ರದ ಯಜಮಾನರ ಜೊತೆ ಮೊದಲೇ ಆಡಿ, ಬರವಣಿಗೆಯಲ್ಲಿ ಪಡೆಯಬೇಕು: ಹೈಪಾಟ್‌ನಲ್ಲಿ ಕಾಯಿಲ್ ಹೋದರೆ ಮುಂದೇನು? ಬಿಡಿ ಕಾಯಿಲ್ ಸ್ಟೋರ್‌ನಲ್ಲಿದೆಯೇ, ರಿವೈಂಡಿಂಗ್‌ನವರು ಎಷ್ಟು ದಿನದಲ್ಲಿ ಬರುತ್ತಾರೆ, ಹಂಗಾಮು ಶುರುವಾಗಲು ಎಷ್ಟು ದಿನ ಉಳಿದಿದೆ? ಹಂಗಾಮಿನ ನಡುವೆ ಕಾಯಿಲ್ ಸುಟ್ಟರೆ ಗದ್ದೆಯಲ್ಲಿ ಕಡಿದು ಬಿಟ್ಟ ಕಬ್ಬು ಒಣಗುತ್ತದೆ. ಈಗ ಹೋದರೆ ರಿಪೇರಿಗೆ ಕಾಲಾವಕಾಶವಿದೆ. ಈ ಲೆಕ್ಕ ಎರಡೂ ಕಡೆಯವರಿಗೆ ಗೊತ್ತಿದ್ದು ಪರೀಕ್ಷೆ ಮಾಡಿದರೆ ಆಮೇಲೆ ಜಗಳವಿಲ್ಲ.

ಬಿಡಿಸುವುದು, ಕಟ್ಟುವುದು

ಬ್ರೇಕರ್ ಹೊರಗೆಳೆದು ಬೀಗ ಹಾಕಿ, ಬೀಗದ ಕೀ ನಿಮ್ಮ ಜೇಬಿನಲ್ಲಿರಲಿ. ಫೀಲ್ಡ್ ಬ್ರೇಕರ್ ತೆರೆದಿರಲಿ. ಜನರೇಟರ್ ಟರ್ಮಿನಲ್‌ನಿಂದ ಕೇಬಲ್ ಅಥವಾ ಬಸ್‌ಡಕ್ಟ್ ಲಿಂಕ್ ಬಿಚ್ಚಿ. ಸ್ಟಾರ್ ಪಾಯಿಂಟ್ ಲಿಂಕ್ ಬಿಚ್ಚಿದರೆ ಮೂರು ಫೇಸ್‌ಗಳನ್ನು ಬೇರೆ ಬೇರೆಯಾಗಿ ನೋಡಬಹುದು. ಪಿಟಿ (ವೋಲ್ಟೇಜ್ ಅಳೆಯುವ ಟ್ರಾನ್ಸ್‌ಫಾರ್ಮರ್), ಸರ್ಜ್ ಕೆಪಾಸಿಟರ್, ಲೈಟ್ನಿಂಗ್ ಅರೆಸ್ಟರ್ ಇವನ್ನು ಪೂರ್ತಿ ಬೇರ್ಪಡಿಸಿ. ಮರೆತು ಬಿಟ್ಟ ಸರ್ಜ್ ಕೆಪಾಸಿಟರ್ ಇಡೀ ರೀಡಿಂಗ್ ಅನ್ನು ಹಾಳು ಮಾಡುತ್ತದೆ, ಅರೆಸ್ಟರ್ ಉಳಿದರೆ ಹೈಪಾಟ್‌ನಲ್ಲಿ ಅದೇ ಕರೆಂಟ್ ಎಳೆದು ವೈಂಡಿಂಗ್ ಕೆಟ್ಟಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಆಮೇಲೆ ಕಟ್ಟುವ ಕೆಲಸ. ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಗಳನ್ನು ಶಾರ್ಟ್ ಮಾಡಿ ಅರ್ಥ್ ಮಾಡಿ. ವೈಂಡಿಂಗ್ ಒಳಗಿನ ತಾಪಮಾನ ಅಳೆಯುವ ಆರ್‌ಟಿಡಿ ವೈರುಗಳನ್ನೂ ಮೀಟರ್‌ನಿಂದ ಬಿಚ್ಚಿ, ಒಟ್ಟಿಗೆ ತಿರುಚಿ ಅರ್ಥ್ ಮಾಡಿ. ಅವು ಕಾಯಿಲ್‌ಗಳ ಮಧ್ಯೆಯೇ ಕೂತಿರುವುದರಿಂದ ಅರ್ಥ್ ಇಲ್ಲದೆ ಬಿಟ್ಟರೆ ಅವುಗಳ ಮೇಲೆ ಅಪಾಯದ ವೋಲ್ಟೇಜ್ ಏರುತ್ತದೆ. ರೋಟರ್ ವೈಂಡಿಂಗನ್ನು ಶಾರ್ಟ್ ಮಾಡಿ ಶಾಫ್ಟ್‌ಗೆ, ಶಾಫ್ಟನ್ನು ಅರ್ಥ್‌ಗೆ ಸೇರಿಸಿ. ಬ್ರಷ್‌ಲೆಸ್ ಯಂತ್ರವಾದರೆ ತಿರುಗುವ ಡಯೋಡ್‌ಗಳನ್ನು ಶಾರ್ಟ್ ಮಾಡಿ. ಪರೀಕ್ಷಿಸುವ ಫೇಸ್‌ನ ಎರಡೂ ತುದಿಗಳನ್ನು ತಂತಿಯಿಂದ ಜೋಡಿಸಿ, ಉಳಿದೆರಡು ಫೇಸ್‌ಗಳ ಎರಡೆರಡು ತುದಿಗಳನ್ನು ಅರ್ಥ್ ಮಾಡಿ.

ಕಟ್ಟಿದ ಪ್ರತಿ ತಂತಿಗೂ ನಾನು ಒಂದು ಕೆಂಪು ಬಟ್ಟೆಯ ಚೂರು ಕಟ್ಟಿ, ಪುಸ್ತಕದಲ್ಲಿ ಅಂಕಿ ಹಾಕಿ ಬರೆಯುತ್ತೇನೆ. ಹದಿನೇಳು ಕಟ್ಟಿದರೆ ಕೆಲಸ ಮುಗಿದ ಮೇಲೆ ಹದಿನೇಳು ಚೂರು ನನ್ನ ಚೀಲಕ್ಕೆ ಬರಬೇಕು.

ಕಣ್ಣು, ಮೂಗು, ಕೈ

ಟಾರ್ಚ್ ಹಿಡಿದು ಓವರ್‌ಹ್ಯಾಂಗ್ ಸುತ್ತ ನಿಧಾನವಾಗಿ ನೋಡಿ. ಸ್ಲಾಟ್ ಬಾಯಿಯಲ್ಲಿ ಬಿಳಿ ಪುಡಿ ಕಂಡರೆ ಅಲ್ಲಿ ಕೊರೋನಾ ಕಿಡಿ ಆಡುತ್ತಿರಬಹುದು. ಕಟ್ಟುದಾರ ಸಡಿಲವಾಗಿ ಕಾಯಿಲ್ ಅಲುಗಾಡುತ್ತಿದ್ದರೆ ಉಜ್ಜಿದ ಜಾಗದಲ್ಲಿ ಪುಡಿ ಮತ್ತು ಎಣ್ಣೆ ಕಲಸಿದ ಜಿಡ್ಡು ಕಾಣುತ್ತದೆ. ಸ್ಲಾಟ್ ವೆಡ್ಜ್‌ಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿ: ಬಿಗಿಯಾಗಿದ್ದರೆ ಗಟ್ಟಿ ಸದ್ದು, ಸಡಿಲವಾಗಿದ್ದರೆ ಟೊಳ್ಳು ಸದ್ದು. ಒಳ್ಳೆಯ ತೆಂಗಿನಕಾಯಿ ಆರಿಸುವವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಯ ಪುಡಿ ಎಲ್ಲಿ ಬೇಕಾದರೂ ನುಸುಳುತ್ತದೆ. ಅದು ನೀರನ್ನು ಹೀರಿ ಹಿಡಿದುಕೊಳ್ಳುವ ವಸ್ತು. ಅದನ್ನು ವ್ಯಾಕ್ಯೂಮ್‌ನಿಂದ ಎಳೆದು, ಒಣ ಬಟ್ಟೆಯಿಂದ ಒರೆಸಿ. ಕಂಪ್ರೆಸರ್ ಗಾಳಿ ಊದಬೇಡಿ, ಪುಡಿ ಕಾಯಿಲ್‌ಗಳ ಸಂದಿಗೆ ಇನ್ನೂ ಆಳಕ್ಕೆ ಹೋಗಿ ಕೂರುತ್ತದೆ.

ಮಂಜು ಇಳಿಯುವ ಊರಿನಲ್ಲಿ ಮೆಗ್ಗರ್ ಹಾಕುವುದು

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ ಬಯಲಿನ ನಡುವೆ ಇರುವ ಕಾರ್ಖಾನೆಗಳಿವು. ಬೆಳಗ್ಗೆ ಹೊತ್ತಿಗೆ ತಣ್ಣಗಿರುವ ಕಬ್ಬಿಣ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ವೈಂಡಿಂಗ್‌ನ ತಾಪಮಾನ ಗಾಳಿಯ ಇಬ್ಬನಿ ಬಿಂದುವಿಗಿಂತ ಮೇಲಿರಬೇಕು ಎಂಬುದು ಮೊದಲ ನಿಯಮ. ಇಲ್ಲವಾದರೆ ಕಾಯಿಲ್ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು, ಒಳ್ಳೆಯ ವೈಂಡಿಂಗ್ ಕೂಡ ಕೆಟ್ಟ ರೀಡಿಂಗ್ ಕೊಡುತ್ತದೆ. ಹಿಂದಿನ ರಾತ್ರಿಯಿಂದಲೇ ಸ್ಪೇಸ್ ಹೀಟರ್ ಹಾಕಿಸಿಡಿ. ಗಾಳಿಯ ತಾಪಮಾನ, ತೇವಾಂಶ, ಆರ್‌ಟಿಡಿಯಲ್ಲಿ ಬರುವ ವೈಂಡಿಂಗ್ ತಾಪಮಾನ ಮೂರನ್ನೂ ಬರೆದುಕೊಂಡ ಮೇಲೆ, ಹೀಟರ್ ಆಫ್ ಮಾಡಿ, ಆರ್‌ಟಿಡಿ ವೈರನ್ನು ಮತ್ತೆ ಅರ್ಥ್ ಮಾಡಿ ಪರೀಕ್ಷೆ ಶುರು ಮಾಡಿ.

11 ಕೆವಿ ವೈಂಡಿಂಗ್‌ಗೆ ಐಇಇಇ 43 ಮಾನಕದ ಪ್ರಕಾರ 2,500ರಿಂದ 5,000 ವೋಲ್ಟ್ ಡಿಸಿ ಮೆಗ್ಗರ್ ಸಲ್ಲುತ್ತದೆ. ಮೊದಲು ಮೆಗ್ಗರ್ ಲೀಡನ್ನೇ ಗಾಳಿಯಲ್ಲಿ ತೂಗಿಬಿಟ್ಟು ನೋಡಿ, ಮುಳ್ಳು ಕೊನೆಗೆ ಹೋಗಬೇಕು. ಒದ್ದೆ ನೆಲದ ಮೇಲೆ ಬಿದ್ದಿರುವ ಲೀಡ್ ಎಷ್ಟೋ ಜನರೇಟರ್‌ಗಳಿಗೆ ಸುಳ್ಳು ಅಪವಾದ ತಂದಿದೆ.

ವೋಲ್ಟೇಜ್ ಕೊಟ್ಟ ಕೂಡಲೇ ಓಮ್ ಕಡಿಮೆಯಿಂದ ಶುರುವಾಗಿ ಏರುತ್ತಾ ಹೋಗುತ್ತದೆ. ಕಾರಣ, ನಾವು ನೋಡುತ್ತಿರುವ ಕರೆಂಟ್ ಒಂದೇ ಬಗೆಯದಲ್ಲ. ಕೆಪಾಸಿಟರ್ ತುಂಬುವ ಕರೆಂಟ್ ಕೆಲವೇ ಸೆಕೆಂಡುಗಳಲ್ಲಿ ಇಳಿಯುತ್ತದೆ. ಇನ್ಸುಲೇಶನ್ ಒಳಗಿನ ಅಣುಗಳು ಸಾಲಾಗುವಾಗ ಹೀರಿಕೊಳ್ಳುವ ಕರೆಂಟ್ ನಿಮಿಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇನ್ಸುಲೇಶನ್ ಮೂಲಕ ಮತ್ತು ಮೇಲ್ಮೈ ಮೇಲೆ ಸೋರುವ ಕರೆಂಟ್ ಮಾತ್ರ ಇಳಿಯುವುದಿಲ್ಲ. ವೈಂಡಿಂಗ್ ಒದ್ದೆಯಾಗಿದ್ದರೆ ಸೋರುವ ಕರೆಂಟೇ ದೊಡ್ಡದಾಗಿ ಮುಳ್ಳು ಒಂದು ಕಡೆ ನಿಂತುಬಿಡುತ್ತದೆ. ಹತ್ತನೇ ನಿಮಿಷದ ರೀಡಿಂಗನ್ನು ಒಂದನೇ ನಿಮಿಷದ ರೀಡಿಂಗ್‌ನಿಂದ ಭಾಗಿಸಿದರೆ ಬರುವುದು ಪೋಲರೈಸೇಶನ್ ಇಂಡೆಕ್ಸ್, ನಾವು ಪಿಐ ಎನ್ನುತ್ತೇವೆ. ಕ್ಲಾಸ್ ಬಿ, ಎಫ್, ಎಚ್ ಇನ್ಸುಲೇಶನ್‌ಗೆ ಅದು ಕನಿಷ್ಠ 2 ಇರಬೇಕು. ಒಂದನೇ ನಿಮಿಷದಲ್ಲೇ 5,000 ಮೆಗಾಓಮ್ ದಾಟಿದ್ದರೆ ಪಿಐ ಲೆಕ್ಕಕ್ಕೆ ಅಷ್ಟು ಅರ್ಥವಿಲ್ಲ, ಅಳೆಯುತ್ತಿರುವ ಕರೆಂಟೇ ಅಷ್ಟು ಸಣ್ಣದಾಗಿರುತ್ತದೆ.

ಓಮ್‌ನ ಕನಿಷ್ಠ ಮಿತಿ, 40 ಡಿಗ್ರಿ ಸೆಲ್ಸಿಯಸ್‌ಗೆ ತಂದು ಲೆಕ್ಕ ಹಾಕಿದಾಗ, ಇಂದಿನ ಫಾರ್ಮ್ ಕಾಯಿಲ್ (ಮೊದಲೇ ಆಕಾರ ಕೊಟ್ಟು ತಯಾರಿಸಿದ ಕಾಯಿಲ್) ವೈಂಡಿಂಗ್‌ಗೆ 100 ಮೆಗಾಓಮ್. ಸುಮಾರು 1970ಕ್ಕಿಂತ ಹಿಂದಿನ ವೈಂಡಿಂಗ್‌ಗಳಿಗೆ ಯಂತ್ರದ ಕೆವಿಗೆ ಒಂದು ಕೂಡಿಸಿದಷ್ಟು ಮೆಗಾಓಮ್, ಅಂದರೆ 11 ಕೆವಿಗೆ 12. ನಮ್ಮ ಜಿಲ್ಲೆಯಲ್ಲಿ ಈ ಹಳೇ ನಿಯಮ ಗೊತ್ತಿರುವುದು ಒಳ್ಳೆಯದು. ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು, ಶಿಂಷಾ ವಿದ್ಯುತ್ ಕೇಂದ್ರ ಶುರುವಾದದ್ದು 1940ರಲ್ಲಿ. ಹಳೇ ಕಾಲದ ಇನ್ಸುಲೇಶನ್‌ನಿಂದ ಇಂದಿನ ಎಪಾಕ್ಸಿಯ ಅಂಕಿಯನ್ನು ಕೇಳುವುದು ನ್ಯಾಯವಲ್ಲ.

ತಾಪಮಾನ 10 ಡಿಗ್ರಿ ಏರಿದರೆ ಓಮ್ ಅರ್ಧವಾಗುತ್ತದೆ ಎಂಬುದು ಕೈಲೆಕ್ಕ. 30 ಡಿಗ್ರಿಯಲ್ಲಿ 800 ಬಂದರೆ 40 ಡಿಗ್ರಿಗೆ 400 ಎಂದು ಹಿಡಿಯಿರಿ. ಎಪಾಕ್ಸಿ ವೈಂಡಿಂಗ್‌ಗೆ ಮಾನಕದಲ್ಲಿ ಬೇರೆ ಸೂತ್ರವಿದೆ, ರಿಪೋರ್ಟ್‌ಗೆ ಅದನ್ನೇ ಬಳಸಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಉಳಿದೆರಡು ಫೇಸ್ ಅರ್ಥ್ ಮಾಡಿ ಒಂದು ಫೇಸ್ ಅಳೆದಾಗ ಬರುವ ಅಂಕಿ, ಮೂರನ್ನೂ ಒಟ್ಟಿಗೆ ಅಳೆದದ್ದರ ಸುಮಾರು ಎರಡರಷ್ಟಿರುತ್ತದೆ. ಕನಿಷ್ಠ ಮಿತಿಗೆ ಹೋಲಿಸುವ ಮೊದಲು ಅದನ್ನು ಎರಡರಿಂದ ಭಾಗಿಸಬೇಕು.

ಒಂದು ಜೂನ್ ತಿಂಗಳ ನೆನಪು. ಮೊದಲ ಮಳೆ ಬಿದ್ದಿತ್ತು. ಒಂದನೇ ನಿಮಿಷದಲ್ಲಿ 60 ಮೆಗಾಓಮ್, ಪಿಐ 1.2. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. "ಸಾರ್, ಹೆಂಗೂ ತಂದಿದ್ದೀರಿ, ಹೈಪಾಟ್ ಒಂದು ಕೊಟ್ಬಿಡಿ, ತಡೆದ್ರೆ ತಡೀತು" ಎಂದರು. ನಾನು ಒಪ್ಪಲಿಲ್ಲ. ಸ್ಪೇಸ್ ಹೀಟರ್ ಜೊತೆಗೆ ದೊಡ್ಡ ಬಲ್ಬುಗಳನ್ನು ಎರಡೂ ತುದಿಯಲ್ಲಿಟ್ಟು, ಟಾರ್ಪಾಲು ಹೊದಿಸಿ ಎರಡು ದಿನ ಒಣಗಿಸಿದೆವು. ಎರಡು ಫೇಸ್‌ಗಳ ಪಿಐ 2.5 ದಾಟಿತು. ವೈ ಫೇಸ್ ಮಾತ್ರ 1.4ರಲ್ಲೇ ಉಳಿಯಿತು. ಮತ್ತೆ ಟಾರ್ಚ್ ಹಿಡಿದು ಮಲಗಿಕೊಂಡು ಓವರ್‌ಹ್ಯಾಂಗ್‌ನ ಕೆಳಭಾಗ ನೋಡಿದಾಗ, ಬೇರಿಂಗ್ ಸೀಲ್‌ನಿಂದ ಸೋರಿದ ಎಣ್ಣೆಗೆ ಕಬ್ಬಿನ ಸಿಪ್ಪೆಯ ಪುಡಿ ಮೆತ್ತಿಕೊಂಡು, ಎರಡು ಕಾಯಿಲ್‌ಗಳ ನಡುವೆ ಅಂಗೈ ಅಗಲದ ಕಪ್ಪು ಅಂಟು ಸಿಕ್ಕಿತು. ಬಿದಿರಿನ ಕಡ್ಡಿಗೆ ಬಟ್ಟೆ ಸುತ್ತಿ, ವೈಂಡಿಂಗ್ ಕ್ಲೀನಿಂಗ್ ದ್ರಾವಣದಲ್ಲಿ ಅದ್ದಿ ಒರೆಸಿ, ಮತ್ತೊಂದು ರಾತ್ರಿ ಒಣಗಿಸಿದ ಮೇಲೆ ಆ ಫೇಸ್ ಕೂಡ 2.6ಕ್ಕೆ ಬಂತು. ಅಂದು ಹೈಪಾಟ್ ಕೊಟ್ಟಿದ್ದರೆ ಆ ಅಂಟಿನ ಮೇಲೆ ಕಿಡಿ ಹರಿದು, ಒರೆಸಿದರೆ ಹೋಗುವ ಕೊಳೆ ಸುಟ್ಟ ಗುರುತಾಗಿ ಉಳಿಯುತ್ತಿತ್ತು.

ನಡುವಿನ ಪರೀಕ್ಷೆಗಳು

ಮೂರು ಫೇಸ್‌ಗಳ ವೈಂಡಿಂಗ್ ರೆಸಿಸ್ಟೆನ್ಸ್ ಅನ್ನು ಮೈಕ್ರೋಓಮ್ ಮೀಟರಿನಲ್ಲಿ ನೋಡಿ, ಒಂದಕ್ಕೊಂದು ಹೋಲಿಸಿ. ಬ್ರೇಜಿಂಗ್ ಬಿಟ್ಟ ಜಾಯಿಂಟ್ ಇಲ್ಲಿ ಸಿಕ್ಕಿಬೀಳುತ್ತದೆ.

ಇನ್ಸುಲೇಶನ್ ಒಳಗೆ ಶಕ್ತಿ ಎಷ್ಟು ನಷ್ಟವಾಗುತ್ತದೆ ಎಂದು ತೋರಿಸುವ ಟ್ಯಾನ್ ಡೆಲ್ಟಾ ಸೆಟ್ ಇದ್ದರೆ ಬಿಡಬೇಡಿ. ಯಂತ್ರದ ವೋಲ್ಟೇಜ್‌ನ ಐದನೇ ಒಂದರಷ್ಟು ಹಂತಗಳಲ್ಲಿ, ಅಂದರೆ 2.2, 4.4, 6.6 ಹೀಗೆ 11 ಕೆವಿವರೆಗೆ ಏರಿಸುತ್ತಾ ಪ್ರತಿ ಹಂತದಲ್ಲೂ ಟ್ಯಾನ್ ಡೆಲ್ಟಾ ಮತ್ತು ಕೆಪಾಸಿಟೆನ್ಸ್ ಬರೆಯಿರಿ. ಇನ್ಸುಲೇಶನ್ ಒಳಗೆ ಗಾಳಿಯ ಪೊಟರೆಗಳಿದ್ದರೆ ವೋಲ್ಟೇಜ್ ಏರಿದಂತೆ ಅವುಗಳಲ್ಲಿ ಕಿಡಿ ಹುಟ್ಟಿ ಟ್ಯಾನ್ ಡೆಲ್ಟಾ ಮೇಲಕ್ಕೆ ಓಡುತ್ತದೆ. ಆ ಏರಿಕೆ ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು, ಮೂರು ಫೇಸ್‌ಗಳಲ್ಲಿ ಒಂದೇ ಬೇರೆಯಾಗಿದೆಯೇ ಎಂಬುದರ ಮೇಲೆ ತೀರ್ಮಾನ. ಪಾರ್ಶಿಯಲ್ ಡಿಸ್ಚಾರ್ಜ್ ಪರೀಕ್ಷೆ ಇದೇ ಕಿಡಿಗಳನ್ನು ನೇರವಾಗಿ ಹಿಡಿಯುತ್ತದೆ, ಆದರೆ ಅದನ್ನು ಓದಲು ಪಳಗಿದ ಕಣ್ಣು ಬೇಕು.

ಹೈಪಾಟ್: ಎಷ್ಟು, ಯಾವುದು

ಹೊಸ ವೈಂಡಿಂಗ್‌ಗೆ ಕಾರ್ಖಾನೆಯಲ್ಲಿ ಕೊಡುವ ಎಸಿ ಪರೀಕ್ಷೆ, ಯಂತ್ರದ ವೋಲ್ಟೇಜ್‌ನ ಎರಡರಷ್ಟಕ್ಕೆ 1,000 ವೋಲ್ಟ್ ಕೂಡಿಸಿ, ಒಂದು ನಿಮಿಷ. 11 ಕೆವಿಗೆ ಅದು 23 ಕೆವಿ. ಓಡಿದ ಯಂತ್ರಕ್ಕೆ ಅಷ್ಟು ಕೊಡುವುದು ತಪ್ಪು. ತೊಳೆದು ಒಣಗಿಸಿದ ಹಳೇ ವೈಂಡಿಂಗ್‌ಗೆ ಐಇಸಿ 60034-1 ಮಾನಕ ಹೇಳುವುದು ಒಂದೂವರೆ ಪಟ್ಟು, ಅಂದರೆ 16.5 ಕೆವಿ. ನಿರ್ವಹಣೆಯ ಪರೀಕ್ಷೆಗೆ 1.25ರಿಂದ 1.5 ಪಟ್ಟು ರೂಢಿ. ಡಿಸಿಯಲ್ಲಿ ಮಾಡುವುದಾದರೆ ಇದನ್ನು 1.7ರಿಂದ ಗುಣಿಸಬೇಕು: 16.5 ಕೆವಿ ಎಸಿಗೆ ಬದಲು ಸುಮಾರು 28 ಕೆವಿ ಡಿಸಿ.

ಎಸಿ ವೋಲ್ಟೇಜ್ ಇನ್ಸುಲೇಶನ್ ಒಳಗೆ ಹಂಚಿಕೆಯಾಗುವುದು ಯಂತ್ರ ಓಡುವಾಗಿನ ರೀತಿಯಲ್ಲೇ, ಆದ್ದರಿಂದ ಸ್ಲಾಟ್ ಒಳಗಿನ ದೋಷಕ್ಕೆ ಅದೇ ನಿಜವಾದ ಪರೀಕ್ಷೆ. ಆದರೆ ಅದಕ್ಕೆ ದೊಡ್ಡ ಸೆಟ್ ಬೇಕು. ಒಂದು ಫೇಸ್‌ನ ಕೆಪಾಸಿಟೆನ್ಸ್ 0.2 ಮೈಕ್ರೋಫ್ಯಾರಡ್ ಎಂದುಕೊಳ್ಳಿ, 50 ಹರ್ಟ್ಜ್‌ನಲ್ಲಿ 16.5 ಕೆವಿಗೆ ಒಂದು ಆಂಪಿಯರ್ ಎಳೆಯುತ್ತದೆ, 17 ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಅದನ್ನು ತಪ್ಪಿಸಲು ರೆಸೊನೆನ್ಸ್ ಸೆಟ್ ಅಥವಾ 0.1 ಹರ್ಟ್ಜ್‌ನ ವಿಎಲ್‌ಎಫ್ (ಬಹಳ ಕಡಿಮೆ ಫ್ರೀಕ್ವೆನ್ಸಿಯ) ಸೆಟ್ ಬಳಸುತ್ತಾರೆ. ವಿಎಲ್‌ಎಫ್‌ನಲ್ಲಿ ಎಸಿ ಅಂಕಿಯ 1.63 ಪಟ್ಟು ಪೀಕ್ ವೋಲ್ಟೇಜ್, ಇಲ್ಲಿ ಸುಮಾರು 27 ಕೆವಿ.

ಡಿಸಿ ಸೆಟ್ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಓವರ್‌ಹ್ಯಾಂಗ್‌ನ ಕೊಳೆ, ಬಿರುಕನ್ನು ಚೆನ್ನಾಗಿ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೈಕ್ರೋಆಂಪಿಯರ್ ನೋಡುತ್ತಾ ಏರಿಸಬಹುದು, ಬೇಡವೆನಿಸಿದರೆ ನಿಲ್ಲಿಸಬಹುದು. ನಮ್ಮ ಕಡೆಯ ಕಾರ್ಖಾನೆಗಳಿಗೆ ನಾನು ಇದನ್ನೇ ಹೇಳುವುದು.

ಏರಿಸುವ ಕ್ರಮ

ಸುತ್ತ ಹಗ್ಗ ಕಟ್ಟಿ, ಜನರೇಟರ್‌ನ ಎರಡೂ ತುದಿಗೆ ಒಬ್ಬೊಬ್ಬ ಕಾವಲಿನವನನ್ನು ನಿಲ್ಲಿಸಿ. ಹೈವೋಲ್ಟೇಜ್ ಲೀಡನ್ನು ಒಣ ನೈಲಾನ್ ದಾರದಲ್ಲಿ ತೂಗುಹಾಕಿ, ಸುತ್ತಲಿನ ಕಬ್ಬಿಣದಿಂದ ಒಂದು ಮೊಳಕ್ಕೂ ಹೆಚ್ಚು ದೂರವಿರಲಿ. ಲೀಡ್ ತುದಿಯಲ್ಲಿ ಚೂಪು ತಂತಿ ಎದ್ದಿದ್ದರೆ ಅಲ್ಲಿಂದ ಗಾಳಿಗೆ ಸೋರುವ ಕರೆಂಟ್ ನಿಮ್ಮ ರೀಡಿಂಗಿಗೆ ಸೇರುತ್ತದೆ, ಫಾಯಿಲ್ ಸುತ್ತಿ ದುಂಡಗೆ ಮಾಡಿ. ಮಾತನಾಡುವವನು ಒಬ್ಬನೇ ಇರಲಿ.

28 ಕೆವಿಯನ್ನು ಸಮಾನ ಹಂತಗಳಾಗಿ ಮಾಡಿಕೊಳ್ಳಿ. ನಾನು 2.8 ಕೆವಿಯ ಹತ್ತು ಹಂತ ಇಟ್ಟುಕೊಳ್ಳುತ್ತೇನೆ. ಪ್ರತಿ ಹಂತಕ್ಕೂ ನಿಧಾನವಾಗಿ ಏರಿಸಿ, ಒಂದು ನಿಮಿಷ ನಿಲ್ಲಿಸಿ, ನಿಮಿಷದ ಕೊನೆಗೆ ಮೈಕ್ರೋಆಂಪಿಯರ್ ಓದಿ. ಪಕ್ಕದಲ್ಲಿ ಕೂತವರು ಅದನ್ನು ಆಗಲೇ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಬೇಕು. ಮನೆಗೆ ಹೋಗಿ ಗ್ರಾಫ್ ಹಾಕಿದರೆ ಪ್ರಯೋಜನವಿಲ್ಲ. ಚುಕ್ಕೆಗಳು ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಹೋಗುತ್ತಿದ್ದರೆ ಮುಂದುವರಿಯಿರಿ. ಗೆರೆ ಒಮ್ಮೆಲೇ ಮೊಣಕಾಲಿನಂತೆ ಮಡಚಿ ಮೇಲಕ್ಕೆ ಎದ್ದರೆ, ಅಥವಾ ವೋಲ್ಟೇಜ್ ಏರಿಸದಿದ್ದರೂ ಕರೆಂಟ್ ತಾನಾಗಿ ಏರುತ್ತಿದ್ದರೆ, ಅಲ್ಲೇ ನಿಲ್ಲಿಸಿ ಇಳಿಸಿ. 20 ಕೆವಿಯಲ್ಲಿ ನಿಲ್ಲಿಸಿದ ಪರೀಕ್ಷೆ ಸೋಲಲ್ಲ. ಕಾಯಿಲ್ ಇನ್ನೂ ಉಳಿದಿದೆ, ದೋಷ ಹುಡುಕಲು ದಾರಿ ಇದೆ. ಎಲ್ಲ ಸರಿಯಿದ್ದರೆ 28ರಲ್ಲಿ ಒಂದು ನಿಮಿಷ ಕಳೆದ ಮೇಲೆ ನಿಧಾನವಾಗಿ ಸೊನ್ನೆಗೆ ತನ್ನಿ.

ಡಿಸ್ಚಾರ್ಜ್: ಇಲ್ಲಿ ಆತುರ ಬೇಡ

ಸೆಟ್‌ನ ಮೀಟರ್ ಸೊನ್ನೆ ತೋರಿಸುತ್ತಿದೆ ಎಂದ ಮಾತ್ರಕ್ಕೆ ವೈಂಡಿಂಗ್ ಸತ್ತಿದೆ ಎಂದುಕೊಳ್ಳಬೇಡಿ. 0.2 ಮೈಕ್ರೋಫ್ಯಾರಡ್ 28 ಕೆವಿಯಲ್ಲಿ ಸುಮಾರು 78 ಜೌಲ್ ಶಕ್ತಿ ಹಿಡಿದಿಟ್ಟುಕೊಳ್ಳುತ್ತದೆ, ಎದೆಯ ಮೂಲಕ ಹರಿದರೆ ಪ್ರಾಣ ತೆಗೆಯಬಲ್ಲದು. ಒಮ್ಮೆ ಹೊಸ ಹುಡುಗನೊಬ್ಬ, "ಅಣ್ಣ, ಆಯ್ತಲ್ಲ, ಕ್ಲಿಪ್ ತೆಗೀಲಾ?" ಎನ್ನುತ್ತಾ ಕೈ ಚಾಚಿಯೇಬಿಟ್ಟಿದ್ದ. "ಮುಟ್ಬೇಡ ಕಣಯ್ಯ!" ಎಂದು ಕೂಗಿ ಅವನ ಅಂಗಿ ಹಿಡಿದೆಳೆದೆ. ಅವನೆದುರಿಗೇ ಅರ್ಥಿಂಗ್ ರಾಡ್ ತಾಗಿಸಿದಾಗ ಚಟ್ ಎಂದು ನೀಲಿ ಕಿಡಿ ಹಾರಿ, ಮಳೆಗೆ ಮುಂಚೆ ಮಿಂಚಿದಾಗ ಬರುವಂಥ ಓಝೋನ್ ವಾಸನೆ ಬಂತು. ಆ ಹುಡುಗ ಇಂದು ಒಬ್ಬನೇ ತಂಡ ನಡೆಸುತ್ತಾನೆ, ರಾಡ್ ಮಾತ್ರ ಯಾರ ಕೈಗೂ ಕೊಡುವುದಿಲ್ಲ.

ಕ್ರಮ ಹೀಗಿರಲಿ. ಮೊದಲು ರೆಸಿಸ್ಟರ್ ಇರುವ ರಾಡ್‌ನಿಂದ ತಾಗಿಸಿ, ವೋಲ್ಟೇಜ್ ಇಳಿದ ಮೇಲೆ ನೇರ ಅರ್ಥ್ ತಂತಿಯನ್ನು ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಹೀರಿಕೊಂಡ ಚಾರ್ಜ್ ಇನ್ಸುಲೇಶನ್‌ನಿಂದ ನಿಧಾನವಾಗಿ ಹೊರಗೆ ಬರುತ್ತದೆ. ಐದು ನಿಮಿಷಕ್ಕೆ ಅರ್ಥ್ ತೆಗೆದರೆ ಟರ್ಮಿನಲ್‌ನಲ್ಲಿ ಮತ್ತೆ ವೋಲ್ಟೇಜ್ ಏಳುತ್ತದೆ. ಚಾರ್ಜ್ ಮಾಡಿದ ಸಮಯದ ಕನಿಷ್ಠ ನಾಲ್ಕು ಪಟ್ಟು ಅರ್ಥ್‌ನಲ್ಲಿಡಿ: ಹತ್ತು ನಿಮಿಷದ ಪಿಐಗೆ ನಲವತ್ತು ನಿಮಿಷ. ಹೈಪಾಟ್ ಆದ ಮೇಲೆ ನಾನು ಸಾಧ್ಯವಾದರೆ ರಾತ್ರಿಯಿಡೀ ಬಿಡುತ್ತೇನೆ. ಪೂರ್ತಿ ಡಿಸ್ಚಾರ್ಜ್ ಆಗದೆ ಅದೇ ಫೇಸ್‌ನ ಪಿಐ ಮತ್ತೆ ತೆಗೆದರೆ ಅಂಕಿಯೂ ಸುಳ್ಳಾಗುತ್ತದೆ.

ರೋಟರ್

ರೋಟರ್ ವೈಂಡಿಂಗ್‌ನ ವೋಲ್ಟೇಜ್ ಕಡಿಮೆ. ಅದಕ್ಕೆ 500 ವೋಲ್ಟ್ ಮೆಗ್ಗರ್ ಸಾಕು. ಸ್ಟೇಟರ್‌ಗೆ ಹಾಕಿದ 5 ಕೆವಿ ಮೆಗ್ಗರ್ ಕೈಯಲ್ಲೇ ಇದೆ ಎಂದು ರೋಟರ್‌ಗೂ ಹಾಕಬೇಡಿ.

ಮುಚ್ಚುವ ಮೊದಲು

ಮೂರು ಫೇಸ್‌ಗಳ ಮೆಗ್ಗರ್ ಮತ್ತೊಮ್ಮೆ ತೆಗೆಯಿರಿ, ಹೈಪಾಟ್‌ಗೆ ಮೊದಲಿನ ಅಂಕಿಗೆ ಹತ್ತಿರವಿರಬೇಕು. ಅದಕ್ಕೂ ಡಿಸ್ಚಾರ್ಜ್ ಮಾಡಿ. ಆಮೇಲೆ ಡಯೋಡ್ ಶಾರ್ಟ್, ಸಿಟಿ ಶಾರ್ಟ್, ಆರ್‌ಟಿಡಿ ಶಾರ್ಟ್, ಶಾಫ್ಟ್ ಅರ್ಥ್ ಒಂದೊಂದಾಗಿ ಬಿಚ್ಚಿ ಪುಸ್ತಕದಲ್ಲಿ ಗುರುತು ಹಾಕಿ. ಸ್ಟಾರ್ ಲಿಂಕ್, ಅರೆಸ್ಟರ್, ಕೆಪಾಸಿಟರ್, ಪಿಟಿ ವಾಪಸ್ ಜೋಡಿಸಿ ಬೋಲ್ಟ್ ಬಿಗಿ ನೋಡಿ. ರಿಪೋರ್ಟ್‌ನಲ್ಲಿ ದಿನಾಂಕ, ಹೊತ್ತು, ವೈಂಡಿಂಗ್ ತಾಪಮಾನ, ತೇವಾಂಶ, ಯಾವ ಮೆಗ್ಗರ್, ಯಾವ ಸೆಟ್, ಒಂದೊಂದು ನಿಮಿಷದ ರೀಡಿಂಗ್, ಪೆನ್ಸಿಲ್‌ನಲ್ಲಿ ಹಾಕಿದ ಮೂಲ ಗ್ರಾಫ್ ಎಲ್ಲವೂ ಇರಲಿ. ಅದರ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಜನರೇಟರ್ ಪ್ಯಾನಲ್ ಬಾಗಿಲಿನ ಒಳಮೈಗೆ ಅಂಟಿಸಿ. ಹದಿನೇಳು ಕೆಂಪು ಚೂರು ಎಣಿಸಿ ಚೀಲಕ್ಕೆ ಹಾಕಿಕೊಂಡ ಮೇಲೆ ಬೀಗ ತೆಗೆದು ಪರ್ಮಿಟ್ ವಾಪಸ್ ಕೊಡಿ.